ಹಳೆ ಜಿಪ್ಸಿಯಿಂದ ಬಂಡೆ ಹತ್ತುವ ಬಗ್ಗಿ: ಕಡಿಮೆ ದುಡ್ಡಲ್ಲಿ ಕಟ್ಟುವ ಬಗೆ

ಬಗ್ಗಿ ಎಂದರೆ ಬಾಡಿ ತೆಗೆದು ಕೊಳವೆಗಳ ಚೌಕಟ್ಟು ಕಟ್ಟಿದ ಗಾಡಿ. ಇಲ್ಲಿ ಅದನ್ನು ಹಳೆ ಮಾರುತಿ ಜಿಪ್ಸಿಯಿಂದ ಕಟ್ಟುತ್ತೇವೆ. ಬಂಡೆ ಹತ್ತಲು ಬೇಕಾದದ್ದು ನಿಧಾನ. ಎಂಜಿನ್ನಿನ ಜೋರು ಆಮೇಲಿನ ಮಾತು. ಚಕ್ರ ಕಲ್ಲನ್ನು ಹಿಡಿದು ಒಂದೊಂದೇ ಇಂಚು ಮೇಲೇರಬೇಕು. ವೇಗ ಹೆಚ್ಚಾಯಿತೋ ಟೈರು ಜಾರುತ್ತದೆ, ಜಾರಿದ ಟೈರಿಗೆ ತಟಕ್ಕನೆ ಹಿಡಿತ ಸಿಕ್ಕಿದಾಗ ಆಕ್ಸೆಲ್ ಮುರಿಯುತ್ತದೆ. ಆದ್ದರಿಂದ ಕೈಯಲ್ಲಿರುವ ದುಡ್ಡನ್ನು ಹತ್ತು ಪಾಲು ಮಾಡಿ: ಗಾಡಿಗೆ 3, ಕೇಜ್‌ಗೆ (ಪಲ್ಟಿಯಾದಾಗ ತಲೆ ಕಾಯುವ ಕೊಳವೆ ಚೌಕಟ್ಟು) 2, ಟ್ರಾನ್ಸ್‌ಫರ್ ಗೇರಿಗೆ (ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಆಕ್ಸೆಲ್‌ಗಳಿಗೆ ಹಂಚುವ ಪೆಟ್ಟಿಗೆಯ ಗೇರು) 2, ಟೈರಿಗೆ 2, ಸೀಟು, ಬೆಲ್ಟು, ಬ್ರೇಕು, ಎಳೆಯುವ ಕೊಂಡಿಗಳಿಗೆ 1. ಪೇಂಟಿಗೂ ಎಲ್‌ಇಡಿ ಬಾರಿಗೂ ಇದರಲ್ಲಿ ಪಾಲಿಲ್ಲ.

ಮೊದಲು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ರೂಪವನ್ನು ಬದಲಿಸಿದ ಗಾಡಿ ರಸ್ತೆಗೆ ಇಳಿಯುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಇಲ್ಲಿ ಕಟ್ಟುವ ಬಗ್ಗಿ ಸ್ವಂತ ತೋಟದಲ್ಲೋ, ಒಪ್ಪಿಗೆ ಪಡೆದ ಖಾಸಗಿ ಜಾಗದಲ್ಲೋ ಓಡಲಿಕ್ಕೆ ಮಾತ್ರ. ಅಲ್ಲಿಗೆ ಲಾರಿಯ ಮೇಲೆ ಹೇರಿಕೊಂಡು ಹೋಗಬೇಕು. ಗಾಡಿಯನ್ನು ಕತ್ತರಿಸುವ ಮುಂಚೆ 55ನೇ ಕಲಂ ಅಡಿ ಆರ್‌ಟಿಒದಲ್ಲಿ ಆರ್‌ಸಿ ರದ್ದು ಮಾಡಿಸಿ. ಕಾಡಿನ ಹೊಳೆಗೆ ಇಳಿಸುವ ಯೋಚನೆಯನ್ನೇ ಬಿಡಿ.

ಗಾಡಿಯ ಆಯ್ಕೆ

ಕೊಡಗು, ಸಕಲೇಶಪುರದ ಕಡೆ ತೋಟಗಳಲ್ಲಿ ಜಿಪ್ಸಿ ಹೊಸದಲ್ಲ. ಭಾಗಗಳೂ ಅದರ ಕೆಲಸ ಬಲ್ಲ ಮೆಕ್ಯಾನಿಕ್‌ಗಳೂ ಸಿಗುತ್ತಾರೆ. ಹಗುರ ಮೈ, ಎರಡೂ ಕಡೆ ಗಟ್ಟಿ ಆಕ್ಸೆಲ್, ಗೇರ್‌ಬಾಕ್ಸ್‌ನಿಂದ ಬೇರೆಯಾಗಿ ಕೂತಿರುವ ಟ್ರಾನ್ಸ್‌ಫರ್ ಕೇಸ್, 2375 ಮಿ.ಮೀ. ವೀಲ್‌ಬೇಸ್ ಎಲ್ಲವೂ ಈ ಕೆಲಸಕ್ಕೆ ಒಪ್ಪುತ್ತವೆ. 1.3 ಲೀಟರಿನ ಎಂಪಿಎಫ್‌ಐ (ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ) ಎಂಜಿನ್ ಇರುವ ಗಾಡಿಯನ್ನೇ ಹುಡುಕಿ. ಕಾರ್ಬುರೇಟರ್ ಗಾಡಿ ಮೂಗು ಮೇಲೆತ್ತಿ ನಿಂತಾಗ ಫ್ಲೋಟ್ ಬೌಲಿನ ಪೆಟ್ರೋಲು ಒಂದು ಕಡೆ ವಾಲುತ್ತದೆ, ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಅದೂ ಬಂಡೆಯ ನಡುಮಧ್ಯದಲ್ಲಿ.

ಬಾಡಿ ತುಕ್ಕು ಹಿಡಿದಿದ್ದರೆ ಒಳ್ಳೆಯದೇ, ಬೆಲೆ ಇಳಿಯುತ್ತದೆ. ಬಾಡಿಯನ್ನು ಹೇಗೂ ಬಿಸಾಡುತ್ತೇವೆ. ಆದರೆ ಚಾಸಿಯನ್ನು ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಪಟ್ಟಿಯ (ಲೀಫ್ ಸ್ಪ್ರಿಂಗ್) ಹ್ಯಾಂಗರ್‌ಗಳ ಹತ್ತಿರ ಠಣ್ ಎನ್ನುವ ಬದಲು ಮಂಕಾಗಿ ಸದ್ದು ಬಂದರೆ ಒಳಗಿಂದ ತಿಂದಿದೆ ಎಂದರ್ಥ. ಆ ಗಾಡಿ ಬೇಡ.

ಗೇರಿನ ಲೆಕ್ಕ

ಜಿಪ್ಸಿಯ ಮೊದಲ ಗೇರಿನ ಅನುಪಾತ 3.652, ಟ್ರಾನ್ಸ್‌ಫರ್ ಕೇಸಿನ ಲೋ (ನಿಧಾನದ ಗೇರು) 2.268. ಕ್ರೌನ್-ಪಿನಿಯನ್ (ಆಕ್ಸೆಲ್ ನಡುವೆ ಶಾಫ್ಟಿನ ಬಲವನ್ನು ಚಕ್ರಗಳ ಕಡೆ ಹೊರಳಿಸುವ ಗೇರು ಜೋಡಿ) ಎಷ್ಟೆಂದು ನಂಬಿಕೆಯ ಮೇಲೆ ಬಿಡಬೇಡಿ, ಎಣಿಸಿ. ಗೇರು, ಟ್ರಾನ್ಸ್‌ಫರ್ ಎರಡನ್ನೂ ನ್ಯೂಟ್ರಲ್ ಮಾಡಿ, ಉಳಿದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಹಿಂದಿನ ಒಂದೇ ಚಕ್ರ ಎತ್ತಿ. ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಗೆರೆ ಹಾಕಿ, ಚಕ್ರವನ್ನು 20 ಸುತ್ತು ತಿರುಗಿಸಿ. ಒಂದೇ ಚಕ್ರ ತಿರುಗುವಾಗ ಕ್ರೌನ್ ಅದರ ಅರ್ಧದಷ್ಟೇ ತಿರುಗುವುದರಿಂದ, ಶಾಫ್ಟ್ ತಿರುಗಿದ ಸುತ್ತನ್ನು 10ರಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. 37 ಸುತ್ತು ಮತ್ತೆ ಕಾಲು ಬಂದರೆ 3.73.

ಮೂರನ್ನೂ ಗುಣಿಸಿದರೆ ಸುಮಾರು 31. ಅಂದರೆ 31 ಇಂಚಿನ ಟೈರು ಹಾಕಿ, ಎಂಜಿನ್ 850 ಸುತ್ತಿನಲ್ಲಿ ಐಡಲ್ ಓಡುವಾಗ ಗಾಡಿ ಗಂಟೆಗೆ 4 ಕಿ.ಮೀ.ನಷ್ಟು ಹೋಗುತ್ತದೆ. ಅದು ಮನುಷ್ಯ ನಡೆಯುವ ವೇಗ, ಬಂಡೆಗೆ ತೀರಾ ಹೆಚ್ಚು. ಈ ಗಾಡಿಯ ಅಣ್ಣತಮ್ಮನಾದ ಸುಜುಕಿ ಸಮುರಾಯ್‌ಗೆಂದು ಅಮೆರಿಕ, ಆಸ್ಟ್ರೇಲಿಯಗಳಲ್ಲಿ 4.16 ಮತ್ತು 6.5ರ ಲೋ ಗೇರ್ ಸೆಟ್‌ಗಳು ಸಿಗುತ್ತವೆ. 4.16 ಹಾಕಿದರೆ ಅದೇ ಐಡಲ್‌ನಲ್ಲಿ ವೇಗ ಸುಮಾರು 2.2 ಕಿ.ಮೀ., 6.5ಕ್ಕೆ 1.4 ಕಿ.ಮೀ. ಮೊದಲ ಬಗ್ಗಿಗೆ 4.16 ಸಾಕು. ದುಡ್ಡು ಅಷ್ಟಕ್ಕೂ ಸಾಲದಿದ್ದರೆ, ಗುಜರಿಯಲ್ಲಿ ಹಳೆಯ 970 ಸಿಸಿ ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಹುಡುಕಿ. ಅದರ ಲೋ 2.511, ಅಂದರೆ ನೂರಕ್ಕೆ ಹತ್ತರಷ್ಟು ಲಾಭ. ಆದರೆ 31 ಇಂಚಿನ ಟೈರೊಂದೇ ಕಂಪನಿ ಟೈರಿಗಿಂತ ನೂರಕ್ಕೆ 18ರಷ್ಟು ಗೇರನ್ನು ತಿಂದುಹಾಕುತ್ತದೆ ಎಂಬುದು ನೆನಪಿರಲಿ.

ಹೀಗೆ ನಿಧಾನದ ಗೇರು ಹಾಕಿದ ಮೇಲೆ ಟ್ರಾನ್ಸ್‌ಫರ್ ಕೇಸ್ ತನ್ನ ಮೂರು ರಬ್ಬರ್ ಮೌಂಟುಗಳ ಮೇಲೆ ತಿರುಚಿಕೊಳ್ಳುತ್ತದೆ. ರಬ್ಬರು ಹರಿದರೆ ಕೇಸಿನ ಕಿವಿಯೂ ಮುರಿಯುತ್ತದೆ. ಹೊಸ ಮೌಂಟುಗಳ ಜೊತೆಗೆ 6 ಮಿ.ಮೀ. ಪ್ಲೇಟಿನಿಂದ ನಾಲ್ಕನೆಯ ಆಸರೆಯೊಂದನ್ನು ಚಾಸಿಗೆ ಕೊಡಿ. ಇದನ್ನು ಬಿಟ್ಟವರ ಗೇರ್ ಸೆಟ್ ಹೆಚ್ಚು ದಿನ ಬಾಳುವುದಿಲ್ಲ.

ಹಿಂದಿನ ಡಿಫರೆನ್ಷಿಯಲ್

ಡಿಫರೆನ್ಷಿಯಲ್ ಎಂದರೆ ಎರಡು ಚಕ್ರ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗುಂಪು. ಎರಡನ್ನೂ ಒಟ್ಟಿಗೇ ತಿರುಗಿಸುವ ಲಾಕರ್ ಕೊಳ್ಳಲು ಆಗದಿದ್ದರೆ ಹಿಂದಿನದನ್ನು ಮಾತ್ರ ವೆಲ್ಡ್ ಮಾಡಿ ಲಾಕ್ ಮಾಡಬಹುದು. ಕ್ಯಾರಿಯರ್ (ಈ ಗೇರುಗಳು ಕೂತಿರುವ ಗೂಡು) ಬಿಚ್ಚಿ, ಬೇರಿಂಗ್ ಕಳಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಗ್ಯಾಸ್ ಟಾರ್ಚಿನಿಂದ ಬೆಚ್ಚಗೆ ಮಾಡಿ. ಹಲ್ಲುಗಳ ಸಂದಿಯಲ್ಲಿ ಎಣ್ಣೆ ಉಳಿದರೆ ವೆಲ್ಡ್ ಜೇನುಗೂಡಿನ ಹಾಗೆ ತೂತುತೂತಾಗುತ್ತದೆ. 7018 ರಾಡಿನಲ್ಲಿ ಸ್ಟಾರ್ ಗೇರುಗಳನ್ನು ಸೈಡ್ ಗೇರುಗಳಿಗೆ ಬೆಸೆಯಿರಿ. ರಾಡನ್ನು ಮೊದಲೇ ಓವನ್ನಿನಲ್ಲಿ ಒಣಗಿಸಿರಬೇಕು. ಆದ ಮೇಲೆ ಒಣ ಮರಳಿನಲ್ಲಿ ಹೂತು ರಾತ್ರಿಯಿಡೀ ಬಿಡಿ. ಬೇಗ ತಣಿದರೆ ಗೇರು ಗಾಜಿನಂತೆ ಸೀಳುತ್ತದೆ.

ಮುಂದಿನದಕ್ಕೆ ಇದನ್ನು ಮಾಡಬೇಡಿ. ಸ್ಟಿಯರಿಂಗ್ ತಿರುಗುವುದೇ ಕಷ್ಟವಾಗುತ್ತದೆ, ಸಿವಿ ಜಾಯಿಂಟ್ (ತಿರುಗುವ ಮುಂದಿನ ಚಕ್ರಕ್ಕೆ ಬಲ ಒಯ್ಯುವ ಕೀಲು) ಒಡೆಯುತ್ತದೆ. ಸಿವಿ ಜಾಯಿಂಟ್ ಎಷ್ಟಾದರೂ ಜಿಪ್ಸಿಯ ದುರ್ಬಲ ಜಾಗ. ಸ್ಟಿಯರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿರುವಾಗ ಆಕ್ಸಿಲರೇಟರ್ ಒತ್ತಬಾರದು.

ಪಟ್ಟಿಯನ್ನು ಆಕ್ಸೆಲ್ ಮೇಲಕ್ಕೆ

ಕಂಪನಿಯಿಂದ ಬರುವಾಗ ಪಟ್ಟಿ ಆಕ್ಸೆಲ್‌ನ ಕೆಳಗಿರುತ್ತದೆ. ಮೇಲಕ್ಕೆ ತಂದರೆ ಬೇರೇನೂ ಕೊಳ್ಳದೆ ಸುಮಾರು 5 ಇಂಚು ಎತ್ತರ ಸಿಗುತ್ತದೆ, ಕಲ್ಲಿಗೆ ತಗುಲುತ್ತಿದ್ದ ಪ್ಲೇಟು ಮತ್ತು ಯು-ಬೋಲ್ಟುಗಳೂ ಮೇಲೇರುತ್ತವೆ. 6 ಮಿ.ಮೀ. ಪ್ಲೇಟಿನಲ್ಲಿ ಹೊಸ ಪಟ್ಟಿ ಕೂರುವ ಪೀಠಗಳನ್ನು ಮಾಡಿಸಿ, ಹೌಸಿಂಗ್ (ಆಕ್ಸೆಲ್‌ನ ಹೊರಕವಚ) ಮೇಲೆ ಟ್ಯಾಕ್ (ಚುಕ್ಕಿ ಬೆಸುಗೆ) ಮಾತ್ರ ಹಾಕಿ, ಗಾಡಿಯನ್ನು ಪೂರ್ತಿ ಭಾರದೊಂದಿಗೆ ಚಕ್ರದ ಮೇಲೆ ಇಳಿಸಿ. ಪಟ್ಟಿ ಭಾರಕ್ಕೆ ಕುಗ್ಗಿದ ಮೇಲೆ ಪಿನಿಯನ್ನಿನ ಕೋನ ಬದಲಾಗುತ್ತದೆ, ಅದಕ್ಕೇ ಈ ತಾಳ್ಮೆ. ಹಿಂದೆ, ಪಿನಿಯನ್ ಫ್ಲೇಂಜೂ ಟ್ರಾನ್ಸ್‌ಫರ್ ಕೇಸಿನ ಫ್ಲೇಂಜೂ ಒಂದಕ್ಕೊಂದು ಸಮಾಂತರವಾಗಿರಬೇಕು. ಎರಡರ ಮೇಲೂ ಕೋನ ತೋರಿಸುವ ರಸಮಟ್ಟ ಇಟ್ಟು ನೋಡಿ. ಹೊಂದದಿದ್ದರೆ ಯು-ಜಾಯಿಂಟ್ ನಡುಗಿ ಬೇಗ ಸವೆಯುತ್ತದೆ. ಮುಂದಿನ ಹೌಸಿಂಗನ್ನು ಮಾತ್ರ ಮನಸ್ಸಿಗೆ ಬಂದ ಹಾಗೆ ಹೊರಳಿಸಬೇಡಿ, ಕ್ಯಾಸ್ಟರ್ (ಮುಂದಿನ ಚಕ್ರದ ತಿರುಗು ಅಕ್ಷದ ಓರೆ) ಕೆಟ್ಟು ಸ್ಟಿಯರಿಂಗ್ ತಾನಾಗಿ ನೇರವಾಗುವುದಿಲ್ಲ.

ಪೂರ್ತಿ ಬೆಸೆಯುವಾಗ ಒಂದೊಂದು ಇಂಚಿನ ಬೀಡು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ನಡುವೆ ಆರಲು ಬಿಡುತ್ತಾ ಹೋಗಿ. ಒಂದೇ ಉಸಿರಿಗೆ ಬೆಸೆದರೆ ಹೌಸಿಂಗ್ ಬಾಗುತ್ತದೆ, ಸೀಲಿನಿಂದ ಎಣ್ಣೆ ಸೋರಲು ಶುರುವಾಗುತ್ತದೆ. ಯು-ಬೋಲ್ಟ್ ಹೊಸದೇ ಇರಲಿ. ಒಮ್ಮೆ ಬಿಗಿದು ಹಿಗ್ಗಿದ ಯು-ಬೋಲ್ಟ್ ಮತ್ತೆ ಬಿಗಿ ನಿಲ್ಲುವುದಿಲ್ಲ.

ಇದರ ಬೆನ್ನಿಗೇ ಮೂರು ತೊಂದರೆ ಬರುತ್ತವೆ. ಡ್ರ್ಯಾಗ್ ಲಿಂಕ್ (ಸ್ಟಿಯರಿಂಗ್ ಬಾಕ್ಸಿನಿಂದ ಚಕ್ರದ ಕಡೆ ಹೋಗುವ ಸರಳು) ಪಟ್ಟಿಗೆ ತಾಗುತ್ತದೆ. ಅದನ್ನು ಝಡ್ ಆಕಾರಕ್ಕೆ ಬಗ್ಗಿಸುವ ಅಗ್ಗದ ದಾರಿ ಬೇಡ, ಸ್ಟಿಯರಿಂಗ್ ತೋಳು ಮೇಲಿರುವ ಹೈ-ಸ್ಟಿಯರ್ ಕಿಟ್ ಹಾಕಿ. ಬ್ರೇಕ್ ಹೋಸ್ ಗಿಡ್ಡವಾಗುತ್ತದೆ. ಆಕ್ಸೆಲ್ ಪೂರ್ತಿ ಜೋತಾಡಿದಾಗಲೂ ಸಡಿಲ ಉಳಿಯುವಷ್ಟು ಉದ್ದದ್ದು ಹಾಕಿ. ಮೂರನೆಯದು, ಲೋ ಗೇರಿನಲ್ಲಿ ಪಿನಿಯನ್ ಮೂಗು ಮೇಲೆದ್ದು ಪಟ್ಟಿ ಎಸ್ ಆಕಾರಕ್ಕೆ ಸುತ್ತಿಕೊಳ್ಳುತ್ತದೆ. ಹಿಂದಿನ ಹೌಸಿಂಗ್‌ನಿಂದ ಚಾಸಿಗೆ ಒಂದು ಟ್ರ್ಯಾಕ್ಷನ್ ಬಾರ್ (ಹೌಸಿಂಗ್ ಹೊರಳದಂತೆ ತಡೆಯುವ ಸರಳು) ಕೊಟ್ಟು, ಚಾಸಿಯ ಕಡೆ ಜೋಲಾಡುವ ಶಾಕಲ್ (ಕೊಂಡಿ) ಹಾಕಿ. ಎರಡೂ ಕಡೆ ಬಿಗಿದರೆ ಆಕ್ಸೆಲ್ ಆಡುವುದೇ ನಿಂತುಹೋಗುತ್ತದೆ.

ಕೇಜ್

ಇಲ್ಲಿ ಉಳಿಸಿದ ದುಡ್ಡು ತಲೆಗೇ ಬೀಳುತ್ತದೆ. ಅಂಗಡಿಯಲ್ಲಿ 'ಒಂದೂವರೆ ಇಂಚು ಪೈಪ್' ಎಂದರೆ 48.3 ಮಿ.ಮೀ. ಹೊರವ್ಯಾಸದ ನೀರಿನ ಪೈಪ್ ಕೊಡುತ್ತಾರೆ. ಕೇಳಬೇಕಾದದ್ದು ಟ್ಯೂಬ್: ಕೋಲ್ಡ್ ಡ್ರಾನ್ ಸೀಮ್‌ಲೆಸ್, 45 ಮಿ.ಮೀ. ಹೊರವ್ಯಾಸ, 3 ಮಿ.ಮೀ. ದಪ್ಪ. ಎಫ್‌ಐಎ (ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ) ನಿಯಮದಲ್ಲಿ ಮುಖ್ಯ ಹೂಪಿಗೆ (ಸೀಟಿನ ಹಿಂದಿನ ಕಮಾನು) ಕನಿಷ್ಠ 45 × 2.5 ಮಿ.ಮೀ.; ಬಂಡೆಯ ಮೇಲೆ ಪಲ್ಟಿ ಹೊಡೆಯುವ ಗಾಡಿಗೆ ಅರ್ಧ ಮಿ.ಮೀ. ಹೆಚ್ಚಿರಲಿ. ಮೀಟರಿಗೆ 3.1 ಕೆ.ಜಿ. ತೂಗುತ್ತದೆ, 6 ಮೀಟರಿನ 6 ಉದ್ದ ತಂದರೆ ಇಬ್ಬರು ಕೂರುವ ಕೇಜ್ ಮುಗಿಯುತ್ತದೆ, ಸುಮಾರು 112 ಕೆ.ಜಿ. ಜಿಐ ಪೈಪ್ ಮುಟ್ಟಲೇಬೇಡಿ: ಸತುವಿನ ಹೊಗೆಗೆ ರಾತ್ರಿ ಚಳಿಜ್ವರ ಬರುತ್ತದೆ, ಬೆಸುಗೆಯೂ ಟೊಳ್ಳು.

ಪ್ಲಂಬರ್‌ಗಳ ಹೈಡ್ರಾಲಿಕ್ ಬೆಂಡರ್ ಟ್ಯೂಬನ್ನು ಚಪ್ಪಟೆ ಮಾಡುತ್ತದೆ. ಡೈ ಸುತ್ತ ಎಳೆದು ಬಗ್ಗಿಸುವ ಯಂತ್ರವಿರುವ ಶಾಪಿಗೆ ಅಳತೆ ಕೊಟ್ಟು ಮಾಡಿಸಿ. ಬಾಗಿನ ತ್ರಿಜ್ಯ ವ್ಯಾಸದ ಮೂರು ಪಟ್ಟಾದರೂ ಇರಬೇಕು. ಬಗ್ಗಿಸಿದ ಜಾಗದಲ್ಲಿ ವರ್ನಿಯರ್ ಇಟ್ಟು ನೋಡಿ: 45ರ ಟ್ಯೂಬಿನಲ್ಲಿ ಕಿರಿದಾದ ವ್ಯಾಸ ದೊಡ್ಡದರ ನೂರಕ್ಕೆ 90ಕ್ಕಿಂತ ಕಡಿಮೆಯಾದರೆ ಅದನ್ನು ಗುಜರಿಗೆ ಹಾಕಿ.

ಕೇಜಿನ ಕಾಲು ನೆಲದ ತಗಡಿನ ಮೇಲೆ ನಿಲ್ಲಬಾರದು. 5 ಮಿ.ಮೀ. ಪ್ಲೇಟಿನ ಮೂಲಕ ಚಾಸಿಗೇ ಕೂರಬೇಕು. ಸೀಟಿನ ಹಿಂದಿನ ಹೂಪಿಗೆ ಮೂಲೆಯಿಂದ ಮೂಲೆಗೆ ಒಂದು ಓರೆ ಟ್ಯೂಬು ಖಂಡಿತ ಇರಲಿ. ಇಲ್ಲದಿದ್ದರೆ ಪಕ್ಕಕ್ಕೆ ಬಿದ್ದಾಗ ಚೌಕ ಓರೆಯಾಗಿ ಮಡಚುತ್ತದೆ. ಜಾಯಿಂಟುಗಳನ್ನು ಹೋಲ್-ಸಾದಲ್ಲಿ ಮೀನಿನ ಬಾಯಿಯಂತೆ ಕೊರೆದು, ಸಂದಿ 1 ಮಿ.ಮೀ. ಮೀರದಂತೆ ಕೂರಿಸಿ, ಇಡೀ ಕೇಜನ್ನು ಮೊದಲು ಟ್ಯಾಕ್ ಹಾಕಿ, ಸೀಟಿನಲ್ಲಿ ಹೆಲ್ಮೆಟ್ ತೊಟ್ಟು ಕೂತು ನೋಡಿ. ಹೆಲ್ಮೆಟ್ಟಿಗೂ ಟ್ಯೂಬಿಗೂ ನಡುವೆ ಕನಿಷ್ಠ ನಾಲ್ಕು ಬೆರಳು ಜಾಗ ಬೇಕು. ಆಮೇಲೆಯೇ ಪೂರ್ತಿ ವೆಲ್ಡ್. ಶುರುಮಾಡುವ ಮುಂಚೆ ತುಂಡು ಟ್ಯೂಬುಗಳಲ್ಲಿ ಒಂದು 'ಟಿ' ಬೆಸೆದು, ವೈಸ್‌ಗೆ ಕಚ್ಚಿಸಿ, ದೊಡ್ಡ ಸುತ್ತಿಗೆಯಿಂದ ಹೊಡೆಯಿರಿ. ಟ್ಯೂಬು ಬಗ್ಗಬೇಕು, ಬೆಸುಗೆ ಬಿಡಬಾರದು.

ಉಳಿದದ್ದು

ಹಿಂದಿನ ಶಾಕಲ್ ಹ್ಯಾಂಗರ್‌ನ ಆಚೆಗಿನ ಚಾಸಿ ಕತ್ತರಿಸಿ. ಟ್ಯಾಂಕು 20 ಲೀಟರಿನದು ಸಾಕು. ಅದನ್ನೂ ಬ್ಯಾಟರಿಯನ್ನೂ ಆದಷ್ಟು ಕೆಳಗೆ, ಸೀಟಿನ ಹಿಂದೆ ತಗಡಿನ ಗೋಡೆಯ ಆಚೆ ಇಡಿ. ಟ್ಯಾಂಕಿನ ಗಾಳಿ ಕೊಳವೆಗೆ ಪಲ್ಟಿಯಾದಾಗ ಮುಚ್ಚಿಕೊಳ್ಳುವ ವಾಲ್ವ್ ಬೇಕೇಬೇಕು. ನಿಧಾನ ಓಟದಲ್ಲಿ ರೇಡಿಯೇಟರಿಗೆ ಗಾಳಿ ಸಿಗುವುದಿಲ್ಲವಾದ್ದರಿಂದ 12 ಇಂಚಿನ ಎಲೆಕ್ಟ್ರಿಕ್ ಫ್ಯಾನನ್ನು ರಿಲೇ ಮೂಲಕ ಕೊಡಿ. ಬೆಲ್ಟು ನಾಲ್ಕು ಪಾಯಿಂಟಿನದು, ಭುಜದ ಪಟ್ಟಿಗಳು ಕೇಜಿನ ಅಡ್ಡಬಾರಿಗೆ. ಮುಂದೆ ಹಿಂದೆ 10 ಮಿ.ಮೀ. ಪ್ಲೇಟಿನ ಎಳೆಯುವ ಕಿವಿ, ಅದಕ್ಕೆ 4.75 ಟನ್ನಿನ ಶಾಕಲ್. ವಿಂಚಿಗೆ ದುಡ್ಡಿಲ್ಲದಿದ್ದರೆ ಕೈಯಲ್ಲಿ ಎಳೆಯುವ ಟಿರ್ಫರ್ ನಿಧಾನವಾದರೂ ಕೆಲಸ ಮಾಡುತ್ತದೆ.

ಟೈರಿನ ಗಾಳಿ 12 ಪಿಎಸ್‌ಐಗೆ ಇಳಿಸಿ ಶುರುಮಾಡಿ. ಬೀಡ್‌ಲಾಕ್ (ಟೈರಿನ ಅಂಚನ್ನು ರಿಮ್ಮಿಗೆ ಬಿಗಿಯುವ ಬಳೆ) ಇಲ್ಲದ ರಿಮ್ಮಿನಲ್ಲಿ ಅದಕ್ಕಿಂತ ಕೆಳಗೆ ಹೋದರೆ ಪಕ್ಕದ ಕಲ್ಲು ಟೈರನ್ನು ರಿಮ್ಮಿನಿಂದ ಕಳಚಿಬಿಡುತ್ತದೆ.

ಮೊದಲ ಎರಡು ಗಂಟೆ ಮೊಣಕಾಲೆತ್ತರದ ಕಲ್ಲುಗಳ ಮೇಲೆ ಮಾತ್ರ ಓಡಿಸಿ. ಆಮೇಲೆ ಯು-ಬೋಲ್ಟುಗಳನ್ನು ಮತ್ತೆ ಬಿಗಿಯಿರಿ, ಕೇಜಿನ ಪ್ರತಿ ಬೆಸುಗೆಯನ್ನೂ ಟಾರ್ಚ್ ಹಿಡಿದು ನೋಡಿ, ಹಿಂದಿನ ಹೌಸಿಂಗ್‌ನ ಎಣ್ಣೆಯನ್ನು ಬಿಳಿ ತಟ್ಟೆಗೆ ಇಳಿಸಿ ಅಯಸ್ಕಾಂತ ಆಡಿಸಿ. ಬೂದು ಪುಡಿ ಅಂಟಿದರೆ ಸವೆತವಷ್ಟೇ. ಅಕ್ಕಿಕಾಳಿನಷ್ಟು ಚೂರು ಬಂದರೆ ಬೆಸುಗೆ ಬಿಡುತ್ತಿದೆ. ಕ್ಯಾರಿಯರ್ ಮತ್ತೆ ಬಿಚ್ಚಲೇಬೇಕು.