ಪುಷ್ಟಿಯ ಪೊಟ್ಟಣ ಮನೆಗೆ ಹೋದ ಮೇಲೆ

ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿರುವ ನನಗೆ, ಆಹಾರ ಕೊಟ್ಟ ಲೆಕ್ಕಕ್ಕೂ ಮಗು ಉಂಡ ಲೆಕ್ಕಕ್ಕೂ ಇರುವ ಅಂತರ ಮನದಟ್ಟಾದದ್ದು ಒಂದೂವರೆ ವರ್ಷದ ಹೆಣ್ಣುಮಗುವೊಂದರಿಂದ. ಅದರ ತೂಕ 6.9 ಕಿಲೋ, ತೋಳಿನ ಸುತ್ತಳತೆ 11.3 ಸೆಂ.ಮೀ. ಇತ್ತು; ಸುತ್ತಳತೆ 11.5ಕ್ಕಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ. ತೀರಾ ಕಡಿಮೆ ತೂಕದ ಮಗುವಿಗೆ ದಿನಕ್ಕೆ 800 ಕಿಲೋ ಕ್ಯಾಲೊರಿ ಒದಗಿಸಬೇಕೆಂಬುದು ನಿಯಮ. ಆ ಮನೆಗೆ ಪ್ರತಿ ತಿಂಗಳೂ ಪುಷ್ಟಿ, ಅಂದರೆ ಚಿಕ್ಕ ಮಕ್ಕಳ ಗಂಜಿಗೆಂದು ಅಂಗನವಾಡಿ ಕೊಡುವ ಪೌಷ್ಟಿಕ ಹಿಟ್ಟು, ತಲುಪಿದ್ದಕ್ಕೆ ನನ್ನ ಪುಸ್ತಕದಲ್ಲಿ ಸಹಿಯೂ ಇತ್ತು.

ಮೂರು ವರ್ಷ ತುಂಬಿದ ಮಕ್ಕಳು ಕೇಂದ್ರಕ್ಕೆ ಬಂದು ನಮ್ಮ ಕಣ್ಣೆದುರು ಉಣ್ಣುತ್ತಾರೆ, ಕ್ಷೀರಭಾಗ್ಯದ ಹಾಲು ಕುಡಿಯುತ್ತಾರೆ. ಅದಕ್ಕಿಂತ ಚಿಕ್ಕವರ ಪಾಲು ಮನೆಗೆ ಹೋಗುತ್ತದೆ. ಮಿದುಳೂ ಮೈಯೂ ಅತಿ ವೇಗವಾಗಿ ಬೆಳೆಯುವ ವಯಸ್ಸೇ ನಮ್ಮ ಕಣ್ಣಿಗೆ ಬೀಳುವುದಿಲ್ಲವೆಂಬುದು ನನಗೆ ಇಂದಿಗೂ ಸರಿಕಾಣದು.

ಹತ್ತಿ ಬಿಡಿಸುವ ಕಾಲವದು. ಹನ್ನೊಂದಕ್ಕೆ ಹೋದಾಗಲೆಲ್ಲ ಬಾಗಿಲು ಮುಚ್ಚಿರುತ್ತಿದ್ದುದರಿಂದ ಒಂದು ದಿನ ನಸುಕಿನಲ್ಲೇ ಹೋದೆ. ಒಲೆಯ ಮುಂದೆ ನಾಲ್ಕು ಮಕ್ಕಳಿದ್ದರು. ಚಿಕ್ಕದರ ಪುಷ್ಟಿಯ ಗಂಜಿ ನಾಲ್ಕು ತಟ್ಟೆಗಳಿಗೆ ಹಂಚಿಹೋಗಿತ್ತು. "ಅಕ್ಕೋರ, ಮೂವರು ನೋಡಾಕತ್ತಿರತಾರ, ಒಂದಕ್ಕ ಹ್ಯಾಂಗ ಉಣಸ್ಲಿ?" ಎಂದಳು ತಾಯಿ. ನನ್ನಲ್ಲಿ ಉತ್ತರವಿರಲಿಲ್ಲ. ಇದೇ ತಾಯಿ ಬಸುರಿಯಾಗಿದ್ದಾಗ, ಬಸುರಿ ಬಾಣಂತಿಯರಿಗೆ ಕೇಂದ್ರದಲ್ಲೇ ಬಡಿಸುವ ಮಾತೃಪೂರ್ಣದ ಊಟಕ್ಕೆ ಬಂದದ್ದೂ ಅಪರೂಪವೇ, ಏಕೆಂದರೆ ಮಧ್ಯಾಹ್ನ ಹೊಲ ಬಿಟ್ಟು ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ.

ವೈದ್ಯರು ಪರೀಕ್ಷಿಸಿ, ಮೈಯಲ್ಲಿ ಬಾವು ಇಲ್ಲ, ಹಸಿವು ಚೆನ್ನಾಗಿದೆ, ಆಸ್ಪತ್ರೆಗೆ ದಾಖಲಿಸಬೇಕಿಲ್ಲ ಎಂದರು. ಆಮೇಲೆ ಹಂಚುವ ಪದ್ಧತಿಯನ್ನೇ ಬದಲಿಸಿದೆ: ತಿಂಗಳಿಗೊಮ್ಮೆ ಕೊಡುವ ಬದಲು ವಾರಕ್ಕೊಮ್ಮೆ ಕೊಟ್ಟೆ, ಕೇಂದ್ರಕ್ಕೆ ಬರುವ ಅಣ್ಣನ ಜೊತೆಯಲ್ಲೇ ಮಗುವನ್ನೂ ಕರೆತರಲು ಅಜ್ಜಿಯನ್ನು ಒಪ್ಪಿಸಿದೆ, ಗಂಜಿಗೆ ಎಣ್ಣೆ ಬೆರೆಸಿ ಒಂದು ಹೊತ್ತು ನಾನೇ ಉಣಿಸಿದೆ.

2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಆಕೆಗೂ ಬರುತ್ತಿತ್ತು. ಮೊದಲ ಕಂತುಗಳು ಕಿರಾಣಿ ಅಂಗಡಿಯ ಬಾಕಿಗೆ ಹೋದವು. ಅದನ್ನು ದುಂದೆನ್ನಲು ನಾನು ಸಿದ್ಧಳಿಲ್ಲ. ಬಾಕಿ ತೀರಿದ ಮೇಲೆ ಮನೆಗೆ ಮೊಟ್ಟೆ, ಬೇಳೆ ಬಂದವು. ದೊಡ್ಡವರ ಹೊಟ್ಟೆ ತುಂಬಿದಾಗ ಚಿಕ್ಕದರ ಗಂಜಿ ಚಿಕ್ಕದಕ್ಕೇ ಉಳಿಯಿತು. ಹಣವೊಂದರಿಂದಲೇ ಹೀಗಾಯಿತೆನ್ನಲಾರೆ, ಅಷ್ಟರಲ್ಲಿ ಹತ್ತಿಯ ಕೆಲಸ ಮುಗಿದು ತಾಯಿಯೂ ಮನೆಯಲ್ಲಿದ್ದಳು.

ನಾಲ್ಕು ತಿಂಗಳ ನಂತರ ತೂಕ 8 ಕಿಲೋ, ಸುತ್ತಳತೆ 12.3 ಸೆಂ.ಮೀ. ಆಗಿ ಮಗು ಕೆಂಪಿನಿಂದ, ಅಂದರೆ ತೀವ್ರ ಅಪೌಷ್ಟಿಕತೆಯಿಂದ, ಮಧ್ಯಮ ಮಟ್ಟದ ಹಳದಿಗೆ ಬಂತು. ಎತ್ತರ ಮಾತ್ರ 74 ಸೆಂ.ಮೀ.; ವಯಸ್ಸಿಗೆ ತಕ್ಕ ಎತ್ತರದ ಪಟದಲ್ಲಿ ಅದರ ಚುಕ್ಕೆ ಇನ್ನೂ ಕೆಂಪಿನಲ್ಲೇ ಇದೆ.