ನೀಲ್ ದ್ವೀಪದಲ್ಲಿ ನಾವಿಬ್ಬರು ದಣಿವಾರಿಸಿಕೊಂಡಿದ್ದು

ಅಂಡಮಾನಿಗೆ ಹೋಗಿಬರುವವರಲ್ಲಿ ಹೆಚ್ಚಿನವರ ಓಡಾಟ ಒಂದೇ ಥರ ಇರುತ್ತದೆ. ಮೊದಲು ಸೆಲ್ಯುಲರ್ ಜೈಲು, ಆಮೇಲೆ ರಾಸ್ ದ್ವೀಪ, ಅಲ್ಲಿಂದ ಹ್ಯಾವ್‌ಲಾಕ್, ಒಂದು ರಾತ್ರಿಗೆ ನೀಲ್, ಮತ್ತೆ ಬೆಳಗಿನ ಜಾವ ಎದ್ದು ಬಾರಾಟಾಂಗ್. ಎಲ್ಲ ನೋಡಬೇಕು ಅನ್ನುವವರಿಗೆ ಅದು ಸರಿ. ನಮಗೆ ಬೇಕಾಗಿದ್ದು ವಿಶ್ರಾಂತಿ.

ನಮ್ಮವರದು ದಾವಣಗೆರೆಯಲ್ಲಿ ಮೆಡಿಕಲ್ ಶಾಪು. ಬೆಳಗ್ಗೆ ಬಾಗಿಲು ತೆಗೆದರೆ ರಾತ್ರಿ ಹತ್ತರವರೆಗೂ ನಿಂತೇ ಇರಬೇಕು. ನನ್ನದು ಸೊಸೈಟಿಯಲ್ಲಿ ಲೆಕ್ಕಪತ್ರದ ಕೆಲಸ. ಮಗಳು ಕಾಲೇಜಿಗೆ ಮೈಸೂರು ಸೇರಿದ ಮೇಲೆ ಮನೆಯಲ್ಲಿ ಇಬ್ಬರೇ. ಆದರೂ ಕೂತು ಮಾತಾಡಲು ಹೊತ್ತು ಸಿಗುತ್ತಿರಲಿಲ್ಲ. ಅದಕ್ಕೇ ಒಂದು ತೀರ್ಮಾನ ಮಾಡಿದೆವು. ಒಂದೇ ದ್ವೀಪ, ಒಂದೇ ರೂಮು. ಒಮ್ಮೆ ಬ್ಯಾಗು ಬಿಚ್ಚಿದರೆ ವಾಪಸ್ ಹೊರಡುವ ದಿನವೇ ಮತ್ತೆ ಕಟ್ಟುವುದು.

ಹ್ಯಾವ್‌ಲಾಕ್ ಬಿಟ್ಟು ನೀಲ್ ಆರಿಸಿಕೊಳ್ಳಲು ಕಾರಣ ಅದರ ಗಾತ್ರ. ಈ ತುದಿಯಿಂದ ಆ ತುದಿಗೆ ಹೆಚ್ಚೂಕಡಿಮೆ ಐದು ಕಿಲೋಮೀಟರ್. 2018ರಲ್ಲಿ ಇದಕ್ಕೆ ಶಹೀದ್ ದ್ವೀಪ ಅಂತ ಹೆಸರಿಟ್ಟರು. ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರಂ ಆಗಿದೆ. ಟಿಕೆಟ್‌ಗಳಲ್ಲಿ ಹಳೆಯ ಹೆಸರು, ಹೊಸ ಹೆಸರು ಎರಡೂ ಕಾಣಬಹುದು, ಗಾಬರಿ ಬೇಡ. ಊರುಗಳ ಹೆಸರು ಮಾತ್ರ ನಮಗೆ ಮೊದಲ ದಿನವೇ ಬಾಯಿಗೆ ಬಂದವು: ರಾಮನಗರ, ಭರತಪುರ, ಲಕ್ಷ್ಮಣಪುರ, ಸೀತಾಪುರ.

ಬುಕ್ಕಿಂಗ್ ಮಾಡುವಾಗ ನಾನು ಪಾಲಿಸಿದ ಕ್ರಮ ಹೇಳುತ್ತೇನೆ. ಬೆಂಗಳೂರಿನಿಂದ ವಿಮಾನ, ಅದಾದ ಕೂಡಲೇ ಹಡಗಿನ ಟಿಕೆಟ್, ಕೊನೆಗೆ ರೂಮು. ಜನವರಿಯಲ್ಲಿ ಜನ ಜಾಸ್ತಿ. ರೂಮು ಹೇಗೋ ಸಿಗುತ್ತದೆ, ಹಡಗಿನಲ್ಲಿ ಸೀಟು ಸಿಗುವುದು ಕಷ್ಟ. ಸರ್ಕಾರಿ ಹಡಗಿಗೆ ದುಡ್ಡು ಕಡಿಮೆ. ಖಾಸಗಿಯವು ವೇಗವಾಗಿ ಹೋಗುತ್ತವೆ, ಒಳಗೆ ಎ.ಸಿ. ಇರುತ್ತದೆ. ಎರಡರಲ್ಲೂ ಫೋಟೋ ಇರುವ ಗುರುತಿನ ಚೀಟಿ ಬೇಕು. ಹೋಗುವಾಗ ಖಾಸಗಿ ಹಡಗು ಹಿಡಿದೆವು. ವಾಂತಿ ಆಗದಿರಲಿ ಅಂತ ನಮ್ಮವರು ಹೊರಡುವ ಮುಂಚೆಯೇ ಮಾತ್ರೆ ಕೊಟ್ಟರು. ಅಲೆ ಶುರುವಾದ ಮೇಲೆ ನುಂಗಿದರೆ ಅಷ್ಟು ಪ್ರಯೋಜನವಿಲ್ಲ ಅನ್ನುವುದು ಅವರು ಗಿರಾಕಿಗಳಿಗೆ ದಿನಾ ಹೇಳುವ ಮಾತು. ಬಸ್ಸಿನಲ್ಲಿ ಆಗುಂಬೆ ಘಾಟಿ ಇಳಿಯುವಾಗ ಒದ್ದಾಡುವ ನಾನು ಆರಾಮಾಗಿ ಇಳಿದೆ.

ರೂಮು ಹಿಡಿದಿದ್ದು ಲಕ್ಷ್ಮಣಪುರದ ಕಡೆ. ಬಿದಿರಿನ ಗೋಡೆ, ಮುಂದೆ ಸಣ್ಣ ಜಗಲಿ, ಸೊಳ್ಳೆ ಪರದೆ. ಈಜುಕೊಳವಿರುವ ರೆಸಾರ್ಟ್‌ಗಳೂ ಇವೆ. ಆದರೆ ನಡೆದು ಹೋಗುವಷ್ಟು ಹತ್ತಿರ ಸಮುದ್ರ ಇರುವಾಗ ಈಜುಕೊಳಕ್ಕೆ ದುಡ್ಡು ಕೊಡುವುದು ನನಗೆ ಇಷ್ಟವಾಗಲಿಲ್ಲ.

ಅಲ್ಲಿ ಮೊದಲು ಬದಲಾಗಬೇಕಾದದ್ದು ನಮ್ಮ ಗಡಿಯಾರ. ಅಂಡಮಾನ್ ತುಂಬಾ ಪೂರ್ವಕ್ಕಿದೆ, ಆದರೆ ಗಡಿಯಾರ ತೋರಿಸುವುದು ನಮ್ಮದೇ ಸಮಯ. ಹಾಗಾಗಿ ಜನವರಿಯಲ್ಲಿ ಸಂಜೆ ಐದೂಕಾಲು, ಐದೂವರೆ ಅನ್ನುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ನಮ್ಮ ಕಡೆ ಆ ಹೊತ್ತಿಗೆ ಇನ್ನೂ ಬಿಸಿಲು ಇರುತ್ತದೆ. ಮೊದಲ ರಾತ್ರಿ ಇವರು ಕೇಳಿದರು, "ನಾಳೆ ಎಷ್ಟು ಗಂಟೆಗೆ ಏಳ್ಬೇಕೇ?" "ಏಳ್ಬೇಕು ಅಂತ ಏನೂ ಇಲ್ಲ ಕಣ್ರೀ" ಅಂದೆ. ಬೆಳಗ್ಗೆ ಆರಕ್ಕೆಲ್ಲ ಬೆಳಕು ಜೋರಾಗಿತ್ತು, ತಾನೇ ಎಚ್ಚರವಾಯಿತು. ಅಲ್ಲಿಂದ ಮುಂದೆ ಎಂಟಕ್ಕೇ ಮಲಗುವುದು, ನಸುಕಿನಲ್ಲೇ ಏಳುವುದು ರೂಢಿಯಾಯಿತು. ಇಷ್ಟು ನಿದ್ದೆ ಮಾಡಿ ನಮಗೆ ಎಷ್ಟೋ ವರ್ಷವಾಗಿತ್ತು.

ಎರಡನೆಯದು ಸಮುದ್ರದ ನೀರಿನ ಲೆಕ್ಕ, ಅಂದರೆ ಉಬ್ಬರ-ಇಳಿತ. ನೀಲ್‌ನಲ್ಲಿ ಆರಾಮಾಗಿ ಇರಬೇಕು ಅಂದರೆ ಇದನ್ನು ತಿಳಿದುಕೊಳ್ಳಲೇಬೇಕು. ಸುಮಾರು ಆರು ಗಂಟೆ ನೀರು ಏರುತ್ತದೆ, ಮತ್ತೆ ಆರು ಗಂಟೆ ಇಳಿಯುತ್ತದೆ. ಏರುವ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಗೂ ಸ್ವಲ್ಪ ಜಾಸ್ತಿ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಬಂದಾಗ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಇಳಿತ ಇದ್ದಾಗ ಲಕ್ಷ್ಮಣಪುರದ ತೀರದಲ್ಲಿ ಈಜಲು ಹೋದರೆ ಮೊಣಕಾಲುದ್ದ ನೀರು, ಕಾಲಡಿಗೆ ಚೂಪು ಹವಳ. "ಬೀಚ್ ಚೆನ್ನಾಗಿಲ್ಲ" ಅಂತ ಕೆಲವರು ಹೊರಡುವುದು ಇದರಿಂದಲೇ. ಬೀಚ್ ಚೆನ್ನಾಗಿಯೇ ಇದೆ, ಹೊತ್ತು ನೋಡಿಕೊಂಡು ಹೋಗಬೇಕು ಅಷ್ಟೇ. ನಾವು ಬೆಳಗ್ಗೆ ಎಳನೀರು ಮಾರುವ ಅಕ್ಕನನ್ನು ಕೇಳುತ್ತಿದ್ದೆವು, ಇವತ್ತು ನೀರು ಯಾವಾಗ ಇಳಿಯುತ್ತೆ ಅಂತ. ಅವರು ಹೇಳಿದ ಹೊತ್ತೇ ನಮ್ಮ ದಿನದ ಟೈಮ್‌ಟೇಬಲ್. ನೀರು ಏರಿದ್ದಾಗ ಸ್ನಾನ, ಇಳಿದಾಗ ಬಂಡೆಗಳ ಮೇಲೆ ನಡಿಗೆ, ನಡುಮಧ್ಯಾಹ್ನದ ಬಿಸಿಲಿಗೆ ಜಗಲಿ.

ಇಳಿತದಲ್ಲಿ ನೋಡಲೇಬೇಕಾದದ್ದು ಕಲ್ಲಿನ ಸೇತುವೆ. ಅಲೆ ಕೊರೆದು ಕೊರೆದು ಬಂಡೆ ಕಮಾನಿನ ಹಾಗೆ ಆಗಿದೆ. ಪೂರ್ವ ಪಾಕಿಸ್ತಾನದಿಂದ ಬಂದು ಇಲ್ಲಿ ನೆಲೆಸಿದ ಬಂಗಾಳಿಗಳು ಅದನ್ನು ಹೌರಾ ಬ್ರಿಜ್ ಅಂತ ಕರೆಯುತ್ತಾರೆ. ಎಲ್ಲರೂ ಕಮಾನಿನ ಕೆಳಗೆ ಫೋಟೋ ತೆಗೆಸಿಕೊಂಡು ವಾಪಸ್ ಆಗುತ್ತಾರೆ. ನನಗೆ ಅದಕ್ಕಿಂತ ಹಿಡಿಸಿದ್ದು ದಾರಿಯಲ್ಲಿ ಸಿಗುವ ನೀರಿನ ಗುಂಡಿಗಳು. ಸಮುದ್ರ ಹಿಂದೆ ಸರಿದಾಗ ಬಂಡೆಯ ನಡುವೆ ನೀರು ಉಳಿಯುತ್ತದಲ್ಲ, ಅಲ್ಲಿ. ಬಣ್ಣಬಣ್ಣದ ಸಣ್ಣ ಮೀನು, ಏಡಿ, ಕಪ್ಪಗೆ ಬದನೆಕಾಯಿಯ ಹಾಗೆ ಬಿದ್ದುಕೊಂಡಿರುವ ಸಮುದ್ರ ಸೌತೆ ಅನ್ನುವ ಜೀವಿ. ಒಂದೇ ಗುಂಡಿಯ ಪಕ್ಕ ಕೂತು ನಾವಿಬ್ಬರೂ ತುಂಬಾ ಹೊತ್ತು ನೋಡಿದೆವು. ಗೈಡ್‌ಗಳಲ್ಲಿ ಕೆಲವರು ಅವನ್ನು ಕೈಯಲ್ಲಿ ಎತ್ತಿ ತೋರಿಸಲು ಬರುತ್ತಾರೆ. ಬೇಡ ಅನ್ನಿ. ಬಂಡೆ ಜಾರುತ್ತದೆ, ಹಿಂದೆ ಪಟ್ಟಿ ಇರುವ ಚಪ್ಪಲಿಯೇ ಇರಲಿ.

ಭರತಪುರದ ತೀರ ಹಡಗುಕಟ್ಟೆಯ ಪಕ್ಕದಲ್ಲೇ ಇದೆ. ಮಧ್ಯಾಹ್ನ ಅಲ್ಲಿ ಜಾತ್ರೆ. ಆದರೆ ಬೆಳಗ್ಗೆ ಬೇಗ ಹೋದರೆ ನೀರು ತಿಳಿಯಾಗಿ, ಅಲೆಯಿಲ್ಲದೆ ಇರುತ್ತದೆ. ನಮ್ಮವರಿಗೆ ಈಜು ಬರುವುದಿಲ್ಲ. ಲೈಫ್ ಜಾಕೆಟ್ ಹಾಕಿ, ಗೈಡ್ ಹುಡುಗ ಕೈ ಹಿಡಿದು ಅಂಗಾತ ಮಲಗಿಸಿದ. ಮೊದಲು ಕತ್ತು ಬಿಗಿಹಿಡಿದು ಆಕಾಶ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿದರು, ಭುಜ ಸಡಿಲವಾಯಿತು. ದಿನವಿಡೀ ನಿಂತು ನಿಂತು ಇವರಿಗೆ ಮೀನಖಂಡದ ನೋವು ಮಾಮೂಲು. ಮೇಲೆ ಬಂದವರೇ "ಕಾಲೇ ಇಲ್ಲ ಅನ್ನಿಸ್ತು ಕಣೇ" ಅಂದರು. ಆಮೇಲೆ ಪ್ರತಿ ಬೆಳಗ್ಗೆ ಅದೇ ಕೆಲಸ. ಮುಖಕ್ಕೆ ಮಾಸ್ಕ್ ಹಾಕಿ ಹವಳ ನೋಡುವುದನ್ನೂ ಕಲಿತರು. ಹವಳದ ಮೇಲೆ ಕಾಲಿಡಬಾರದು, ಅದು ಜೀವಂತ. ದಡದಲ್ಲಿ ಬಿದ್ದ ತುಂಡನ್ನೂ ಚಿಪ್ಪನ್ನೂ ನೆನಪಿಗೆ ಅಂತ ಬ್ಯಾಗಿಗೆ ಹಾಕಿಕೊಳ್ಳಬೇಡಿ. ಅದು ಕಾನೂನಿಗೆ ವಿರುದ್ಧ, ವಿಮಾನ ನಿಲ್ದಾಣದಲ್ಲಿ ತಪಾಸಣೆಯೂ ಇದೆ. ಸನ್‌ಸ್ಕ್ರೀನ್ ಬಳಿದು ನೀರಿಗಿಳಿದರೆ ಹವಳಕ್ಕೆ ತೊಂದರೆ ಅಂತ ಇಬ್ಬರೂ ತುಂಬುತೋಳಿನ ಬಟ್ಟೆ ಹಾಕಿಕೊಂಡೆವು. ಇನ್ನೊಂದು ಮಾತು. ಅಂಡಮಾನಿನ ಹಳ್ಳ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಡೆ ಉಪ್ಪುನೀರಿನ ಮೊಸಳೆಗಳಿವೆ. ಜನ ಸ್ನಾನ ಮಾಡುವ ಜಾಗದಲ್ಲೇ ಇಳಿಯಿರಿ, ಬೋರ್ಡು ಓದಿ.

ಊಟಕ್ಕೆ ಕಷ್ಟವಾಗಲಿಲ್ಲ. ನೀಲ್ ಅಂದರೆ ತರಕಾರಿ ಬೆಳೆಯುವ ದ್ವೀಪ, ಸುತ್ತಲಿನ ದ್ವೀಪಗಳಿಗೂ ಇಲ್ಲಿಂದಲೇ ಹೋಗುತ್ತದೆ. ಮಾರ್ಕೆಟ್ ಹತ್ತಿರದ ಸಣ್ಣ ಬಂಗಾಳಿ ಹೋಟೆಲಿನಲ್ಲಿ ಅನ್ನ, ಬೇಳೆ, ಬದನೆಕಾಯಿ ಬಜ್ಜಿ, ಒಂದು ಪಲ್ಯ. ಸಾಸಿವೆ ಎಣ್ಣೆಯ ವಾಸನೆ ಇವರಿಗೆ ಒಗ್ಗಲು ತಡವಾಯಿತು. ನಾನು ಮೀನು ತಿನ್ನುವವಳಲ್ಲ, ಆದರೂ ದಿನಾ ಹೊಟ್ಟೆ ತುಂಬಾ ಉಂಡೆ.

ಬಾಡಿಗೆ ಸೈಕಲ್ಲಿನಲ್ಲಿ ಸೀತಾಪುರಕ್ಕೆ ಹೋಗುವ ದಾರಿಯಲ್ಲಿ ಅಡಿಕೆ ಮರ ಕಂಡು ಇವರು ನಿಂತೇಬಿಟ್ಟರು. ಇವರ ಊರು ಚನ್ನಗಿರಿ ಕಡೆ. ತೋಟದವರ ಜೊತೆ ಹರಕುಮುರುಕು ಹಿಂದಿಯಲ್ಲಿ ಕೊಯ್ಲು, ರೇಟು ಎಲ್ಲ ವಿಚಾರಿಸಿದರು. ನಾನು ನೆರಳಲ್ಲಿ ಕೂತು ಕೇಳುತ್ತಿದ್ದೆ. ಮೆಡಿಕಲ್ ಶಾಪಿನ ಫೋನಿನಲ್ಲಿ ಮಾತಾಡುವ ಮನುಷ್ಯ ಇವರೇನಾ ಅನ್ನಿಸಿತು. ಅಂದು ಸೀತಾಪುರ ಮುಟ್ಟುವಾಗ ಬಿಸಿಲೇರಿತ್ತು. ಅಲ್ಲಿ ನೋಡಬೇಕಾದ್ದು ಸೂರ್ಯೋದಯ, ಅದಕ್ಕೆ ಇನ್ನೊಂದು ದಿನ ಹೋದೆವು.

ಫೋನಿನ ಸಿಗ್ನಲ್ ಬರುತ್ತಿತ್ತು, ಹೋಗುತ್ತಿತ್ತು. ಅಂಗಡಿ ನೋಡಿಕೊಳ್ಳುವ ಹುಡುಗನಿಗೆ ಮೊದಲೇ ಹೇಳಿದ್ದೆವು, ಸಂಜೆ ಊಟಕ್ಕೆ ಮುಂಚೆ ಒಂದು ಸಲ ನಾವೇ ಫೋನ್ ಮಾಡುತ್ತೇವೆ ಅಂತ. ಮಗಳ ಜೊತೆಗೂ ಅದೇ ಹೊತ್ತಿಗೆ ಮಾತು. ಉಳಿದ ಹೊತ್ತು ಫೋನು ಬ್ಯಾಗಿನಲ್ಲಿ. ಎ.ಟಿ.ಎಂ.ಗಳನ್ನು ನೆಚ್ಚದೆ ಕೈಯಲ್ಲಿ ನಗದು ಇಟ್ಟುಕೊಂಡಿದ್ದೆವು.

ವಾಪಸ್ ಬರುವಾಗ, ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್ ಸೇರುವಂತೆ ಟಿಕೆಟ್ ಮಾಡಿಸಿದ್ದೆ. ಸಮುದ್ರ ಕೆಟ್ಟರೆ ಹಡಗು ಬಿಡುವುದಿಲ್ಲ, ಆಗ ವಿಮಾನವೂ ತಪ್ಪುತ್ತದೆ. ಕೊನೆಯ ದಿನ ಆ ಚಿಂತೆ ತಲೆಯಲ್ಲಿದ್ದರೆ ಪಡೆದ ಆರಾಮವೆಲ್ಲ ಅಲ್ಲೇ ಹೋಗುತ್ತದೆ. ನಮಗೆ ಹಡಗು ಸರಿಯಾದ ಹೊತ್ತಿಗೆ ಸಿಕ್ಕಿತು. ಉಳಿದ ಮಧ್ಯಾಹ್ನ ಸೆಲ್ಯುಲರ್ ಜೈಲಿಗೆ ಕೊಟ್ಟೆವು. ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಒಂದೊಂದು ಕೋಣೆಯ ಮುಂದೆಯೂ ನಿಂತು, ನಿಧಾನವಾಗಿ ನೋಡಿದೆವು.