ಟ್ರಂಕಿನಲ್ಲಿ ಉಳಿದ ಕೌದಿಯನ್ನು ಮುಗಿಸುವ ಬಗೆ

ಒಣ ಹವೆಯ ಊರಿನಲ್ಲಾದರೆ ಅರ್ಧಕ್ಕೆ ನಿಂತ ಕೌದಿ ಹತ್ತು ವರ್ಷ ಹಾಗೇ ಇರುತ್ತದೆ. ಮಂಗಳೂರು, ಉಡುಪಿಯಲ್ಲಿ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಬಟ್ಟೆ ಬೂಷ್ಟು ಹಿಡಿಯುತ್ತದೆ, ಚುಚ್ಚಿಟ್ಟ ಪಿನ್ನು ತುಕ್ಕಿನ ಕಲೆ ಬಿಡುತ್ತದೆ, ಗಂಜಿ ಹಾಕಿದ ತುಂಡನ್ನು ಸಿಲ್ವರ್‌ಫಿಶ್ ಹುಳ ತಿನ್ನುತ್ತದೆ. ಹಾಗಾಗಿ ತೊಳೆಯುವುದು, ಪದರ ಜೋಡಿಸುವುದು ನವರಾತ್ರಿ ಕಳೆದ ಮೇಲೆ ಆಗಬೇಕು. ಕೈಹೊಲಿಗೆಯನ್ನು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಇಟ್ಟುಕೊಳ್ಳಬಹುದು.

ಬಿಸಿಲಿರುವ ದಿನ ಎಲ್ಲವನ್ನೂ ಹೊರಗೆ ತೆಗೆದು ಹರಡಿ. ಹೆಚ್ಚಿನವರು ಎಲ್ಲಕ್ಕಿಂತ ಹಳೆಯದನ್ನೇ ಮೊದಲು ಎತ್ತಿಕೊಂಡು ಮತ್ತೆ ಸಿಕ್ಕಿಹಾಕಿಕೊಳ್ಳುತ್ತಾರೆ. ಅಂಚುಪಟ್ಟಿ ಮಾತ್ರ ಬಾಕಿ ಇರುವುದನ್ನು ಮೊದಲು ಮುಗಿಸಿ, ಆಮೇಲೆ ಮೇಲ್ಪದರ ಸಿದ್ಧವಾಗಿ ನಿಂತದ್ದು, ಕೊನೆಗೆ ಬರೀ ತುಂಡುಗಳ ಗಂಟು.

ಹಳೆಯ ಹತ್ತಿ ದಾರವನ್ನು ಒಂದಡಿ ಎಳೆದು ನೋಡಿ. ಸುಲಭವಾಗಿ ತುಂಡಾದರೆ ಆ ಉಂಡೆಯನ್ನೇ ಬಿಡಿ, ಅದರಿಂದ ಹಾಕಿದ ಹೊಲಿಗೆಯನ್ನೂ ಅಲ್ಲಲ್ಲಿ ಎಳೆದು ಪರೀಕ್ಷಿಸಿ. ಬೂಷ್ಟನ್ನು ಮನೆಯ ಹೊರಗೆ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ತೊಳೆಯುವ ಮೊದಲು ಮೇಲ್ಪದರದ ಸುತ್ತ, ಅಂಚಿನಿಂದ 1/8 ಇಂಚು ಒಳಗೆ, ಒಂದು ಸಾಲು ಹೊಲಿಗೆ ಹಾಕದಿದ್ದರೆ ಎಳೆ ಬಿಚ್ಚಿಕೊಂಡು ಮಾರ್ಜಿನ್ನೇ (ಹೊಲಿಗೆಗೆಂದು ಬಿಟ್ಟ ಅಂಚು) ಹೋಗುತ್ತದೆ. ಕೆಂಪು, ನೀಲಿ ತುಂಡುಗಳ ಮೇಲೆ ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದೋ ನೋಡಿಕೊಳ್ಳಿ. ತುಕ್ಕಿನ ಕಲೆಗೆ ಲಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆಯಿರಿ. ಬಣ್ಣದ ಬಟ್ಟೆಯಾದರೆ ಮೂಲೆಯಲ್ಲಿ ಮೊದಲು ನೋಡಿ, ಏಕೆಂದರೆ ಬಣ್ಣವೂ ಮಾಸಬಹುದು. ಬ್ಲೀಚ್ ಬೇಡ, ತುಕ್ಕು ಇನ್ನೂ ಗಟ್ಟಿಯಾಗುತ್ತದೆ.

ವರ್ಷ ಬಿಟ್ಟು ಹೊಲಿದ ಚೌಕಗಳು ಒಂದೇ ಅಳತೆಗೆ ಬರುವುದು ಕಡಿಮೆ, ಮಾರ್ಜಿನ್ ಬದಲಾಗಿರುತ್ತದೆ. ವ್ಯತ್ಯಾಸ ಕಾಲು ಇಂಚಿನೊಳಗಿದ್ದರೆ ದೊಡ್ಡ ಚೌಕವನ್ನು ಕೆಳಗಿಟ್ಟು ಹೊಲಿಯಿರಿ, ಬಟ್ಟೆಯನ್ನು ಅಡಿಯಿಂದ ಸರಿಸುವ ಮೆಷಿನ್ನಿನ ಹಲ್ಲು ಹೆಚ್ಚಿನ ಬಟ್ಟೆಯನ್ನು ಎಳೆದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಸಣ್ಣ ಚೌಕದ ಸುತ್ತ ಪಟ್ಟಿ ಕೊಟ್ಟು ಅಳತೆಗೆ ಕತ್ತರಿಸಿ. ದೊಡ್ಡದನ್ನೇ ಕತ್ತರಿಸಹೋದರೆ ಅದರಲ್ಲಿ ಜೋಡಿಸಿದ ನಕ್ಷತ್ರದಂಥ ಚಿತ್ತಾರದ ಮೊನೆಗಳು ಹೋಗುತ್ತವೆ.

ಅಡಿಪದರಕ್ಕೆ ಹಳೆಯ ಉಡುಪಿ ಹತ್ತಿ ಸೀರೆಗಿಂತ ಒಳ್ಳೆಯದು ಸಿಗದು. 60×90 ಇಂಚಿನ ಕೌದಿಗೆ ನಾಲ್ಕೂ ಬದಿ 4 ಇಂಚು ಹೆಚ್ಚಿಗೆ, ಅಂದರೆ 68×98 ಬೇಕು. ಐದೂವರೆ ಮೀಟರ್ ಸೀರೆಯಿಂದ 98 ಇಂಚಿನ ಎರಡು ತುಂಡು ಬರುತ್ತವೆ. ಬಿಗಿ ನೇಯ್ಗೆಯ ಅಂಚನ್ನು ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಒಗೆದಾಗ ಬೇರೆಯಾಗಿ ಕುಗ್ಗಿ ಸುಕ್ಕು ಬೀಳುತ್ತದೆ. ಎರಡನ್ನೂ ಉದ್ದಕ್ಕೆ ಕೂಡಿಸಿ 68 ಇಂಚು ತೆಗೆದರೆ ಉಳಿದ ಬಟ್ಟೆಯಲ್ಲಿ ಎರಡೂವರೆ ಇಂಚಿನ ನಾಲ್ಕು ಉದ್ದ ಪಟ್ಟಿ ಸಿಗುತ್ತವೆ. ಸುತ್ತಳತೆ 300 ಇಂಚು, ಅಂಚುಪಟ್ಟಿಗೆ ಅಷ್ಟು ಧಾರಾಳ.

ಒಳಗೆ ದಪ್ಪ ತುಂಬಬೇಡಿ. ನಮ್ಮ ಸೆಕೆಗೆ ಎರಡು ಪದರ ಹಳೆಯ ಮುಂಡು ಅಥವಾ ಬೈರಾಸು (ತೆಳು ಹತ್ತಿಯ ಟವೆಲು) ಸಾಕು, ಒಣಗುವುದೂ ಬೇಗ. ಹಿಂಜಿದ ಹತ್ತಿಯಾದರೆ ಹೊಲಿಗೆಯ ಸಾಲು 3 ಇಂಚಿಗಿಂತ ದೂರವಾದಲ್ಲಿ ಗಂಟು ಕಟ್ಟುತ್ತದೆ.

ಕಾವಿ ನೆಲವನ್ನು ಒರೆಸಿ ಒಣಗಿಸಿ ಅಡಿಪದರವನ್ನು ಮಗುಚಿ ಹಾಸಿ, ಬಿಗಿಯಾಗಿ ಟೇಪ್ ಅಂಟಿಸಿ. ಆದರೆ ಬಟ್ಟೆಯನ್ನು ಹಿಗ್ಗುವಷ್ಟು ಎಳೆಯಬಾರದು. ಮೇಲೆ ಉಳಿದ ಪದರಗಳನ್ನು ಹಾಸಿ, ನಡುವಿನಿಂದ ಹೊರಗೆ 4 ಇಂಚಿಗೊಂದು ಸಾಲು ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚುವ ಉದ್ದ ಹೊಲಿಗೆ) ಹಾಕಿ. ಸೇಫ್ಟಿ ಪಿನ್ ಬೇಗ ಆಗುತ್ತದೆ ನಿಜ, ಆದರೆ ಕೆಲಸ ಮತ್ತೊಂದು ಮಳೆಗಾಲಕ್ಕೆ ಜಾರಿದರೆ ಬಟ್ಟೆಯ ತುಂಬ ತುಕ್ಕು.

ಮೆಷಿನ್ನಿಗೆ 14 ನಂಬರಿನ ಹೊಸ ಸೂಜಿ, ಹೊಲಿಗೆಯ ಉದ್ದ 3 ಮಿ.ಮೀ. ಉಪ್ಪುಗಾಳಿಗೆ ಹಳೆಯ ಸೂಜಿ ತುಕ್ಕಾಗಿ ಹೊಲಿಗೆ ತಪ್ಪಿಸುತ್ತದೆ. ಎಲ್ಲ ಸಾಲನ್ನೂ ಒಂದೇ ದಿಕ್ಕಿನಿಂದ ಹೊಲಿಯಿರಿ. ಒಂದು ಹೋಗಿ ಒಂದು ಬಂದರೆ ನಡುವಿನ ಬಟ್ಟೆ ಓರೆಯಾಗಿ ಎಳೆದು ಅಲೆ ಅಲೆಯಾಗುತ್ತದೆ. ಕೈಯಲ್ಲಾದರೆ ಅರ್ಧ ಇಂಚಿಗೊಂದು ಸಾಲು ರನ್ನಿಂಗ್ ಸ್ಟಿಚ್, ಗಂಟು ಪದರದೊಳಗೆ.

ಅಂಚುಪಟ್ಟಿಯಲ್ಲಿ ಕೆಡುವುದು ಮೂಲೆ. ಪಟ್ಟಿಯನ್ನು ಉದ್ದಕ್ಕೆ ಮಡಚಿ, ಬಿಚ್ಚು ಬದಿಯನ್ನು ಕೌದಿಯ ಅಂಚಿಗೆ ಸರಿಹೊಂದಿಸಿ ಕಾಲು ಇಂಚು ಬಿಟ್ಟು ಹೊಲಿಯಿರಿ. ಮೂಲೆಗೆ ಕಾಲು ಇಂಚು ಇರುವಾಗಲೇ ನಿಲ್ಲಿಸಿ ದಾರ ಕತ್ತರಿಸಿ. ಪಟ್ಟಿಯನ್ನು ಮೇಲಕ್ಕೆ ನೇರ ಎತ್ತಿದರೆ ಕೆಳಗೆ ಓರೆ ಮಡಿಕೆ ಬೀಳುತ್ತದೆ. ಅದನ್ನು ಬೆರಳಲ್ಲಿ ಒತ್ತಿ ಹಿಡಿದು ಪಟ್ಟಿಯನ್ನು ಮತ್ತೆ ಕೆಳಗಿಳಿಸಿ, ಮಡಿಕೆ ಕೌದಿಯ ಮೇಲಂಚಿಗೆ ಸಮ ನಿಲ್ಲಲಿ. ಅಂಚಿನಿಂದಲೇ ಹೊಲಿಗೆ ಮತ್ತೆ ಶುರು. ಕಾಲು ಇಂಚು ಮೊದಲೇ ನಿಲ್ಲಿಸದಿದ್ದರೆ ಪಟ್ಟಿ ಹಿಂದಕ್ಕೆ ಮಗುಚುವುದಿಲ್ಲ, ಮೂಲೆ ಮುದ್ದೆಯಾಗುತ್ತದೆ. ಹಿಂಬದಿಯನ್ನು ಕೈಯಲ್ಲೇ ಹೊಲಿಯಿರಿ.

ಮೊದಲ ಸಲ ತಣ್ಣೀರಲ್ಲಿ ಬೇರೆಯಾಗಿ ಒಗೆದು, ಒಂದೇ ಹಗ್ಗಕ್ಕೆ ನೇತುಹಾಕದೆ ಅಕ್ಕಪಕ್ಕದ ಎರಡು ಹಗ್ಗದ ಮೇಲೆ ಹರಡಿ. ನೀರಿನ ಭಾರ ಒಂದೇ ಸಾಲಿನ ಮೇಲೆ ಬಿದ್ದರೆ ಹೊಸ ಹೊಲಿಗೆಯೂ ಕಡಿಯುತ್ತದೆ.